ಉಚ್ಚೆಂಗಪ್ಪ ಅಂಡ್ ಕಂಪನಿಯ ಬುತ್ತಿಬಟ್ಟೆ

೪ ಜನವರಿ ೧೯೩೭, ಸೋಮವಾರ. ಹೊಸಪೇಟೆ.

ಬೆಳಗಿನಿಂದ ಸೀನು. ವಿರುಪಮ್ಮ ಒಳಗೆ ಒಣಮೆಣಸಿನಕಾಯಿ ಹುರಿಯುತ್ತಾಳೆ, ನಾನು ಹೊರಗೆ ಅಂಗಡಿಯಲ್ಲಿ ಕೂತು ಸೀನುತ್ತೇನೆ. ಗಿರಾಕಿಗಳಿಗಿಂತ ಸೀನೇ ಹೆಚ್ಚು. ಇವತ್ತು ಶೇಂಗಾ ಪುಡಿ ನಾಲ್ಕು ಪೊಟ್ಟಣ, ಗುರೆಳ್ಳು ಎರಡು. ಅದರಲ್ಲೂ ಒಂದನ್ನು ಎದುರು ಮನೆಯ ಭರಮಮ್ಮ ಕಡ ಒಯ್ದಳು. ವಾಪಸು ಕೊಡುವಾಗ ತಾನು ಕುಟ್ಟಿದ ಪುಡಿ ಕೊಡುತ್ತಾಳೆ. ಅದನ್ನು ತಿನ್ನುವವನು ನಾನು.

ಬೋರ್ಡು ಮಾತ್ರ ಮಸ್ತ್ ಇದೆ. ನನ್ನದೇ ಅಕ್ಷರ. "ಉಚ್ಚೆಂಗಪ್ಪ ಅಂಡ್ ಕಂಪನಿ, ಚಟ್ನಿಪುಡಿ ತಯಾರಕರು." ಕಂಪನಿ ಎಂದರೆ ನಾನು, ನನ್ನ ಹೆಂಡತಿ, ಒಂದು ಒರಳು.

ದೀಪಾವಳಿಗೆ ಗಣಿಯ ಕೆಲಸ ಬಿಟ್ಟೆ. ಒಂಬತ್ತು ವರ್ಷ ಸಂಡೂರಿನ ರೈಲು ಸೈಡಿಂಗಿನಲ್ಲಿ ನಿಂತು ವ್ಯಾಗನ್ ಎಣಿಸಿದವನು. ಅದಿರಿನ ಕರಿ ಧೂಳು ಮೂಗಿನಲ್ಲಿ, ಕಿವಿಯಲ್ಲಿ, ಉಣ್ಣುವ ರೊಟ್ಟಿಯಲ್ಲಿ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಾಕು, ವಿರುಪಮ್ಮನ ಪುಡಿಗೆ ಹತ್ತು ಕೈ ಬರುತ್ತಿದ್ದವು. ಆ ಹತ್ತು ಕೈ ನಂಬಿ ಅಂಗಡಿ ಹಾಕಿದೆ. ರಾಜೀನಾಮೆ ಕೊಟ್ಟ ದಿನ ಆಫೀಸಿನವರೆಲ್ಲ ನಕ್ಕರು—ಗಂಡಸು ಹೋಗಿ ಚಟ್ನಿ ಮಾರುತ್ತಾನಂತೆ. ಹೆಡ್ ಗುಮಾಸ್ತ ಗೋಪೀನಾಥರಾಯರು ಮಾತ್ರ ನಗಲಿಲ್ಲ. ಮಾರ್ಚ್ ಮೂವತ್ತೊಂದರವರೆಗೆ ನಿನ್ನ ಜಾಗ ಖಾಲಿ ಇಡುತ್ತೇನೆ, ಅಂಗಡಿ ನಡೆಯದಿದ್ದರೆ ಬಂದುಬಿಡು ಎಂದರು. ಒಳ್ಳೆಯ ಮನುಷ್ಯ. ಆದರೂ ಆ ಬಾಗಿಲು ತೆರೆದಿದೆ ಎಂಬುದೇ ನನಗೆ ಹೆದರಿಕೆ. ಹಿಂದಕ್ಕೆ ಹೋದರೆ ಆ ನಕ್ಕವರ ನಡುವೆಯೇ ನಿಂತು ಮತ್ತೆ ವ್ಯಾಗನ್ ಎಣಿಸಬೇಕು. ಹೋಗಬಾರದು.

೯ ಜನವರಿ, ಶನಿವಾರ. ಮಧ್ಯಾಹ್ನ.

ಸಿಕ್ಕಿತು!

ಸ್ಟೇಷನ್ನಿಗೆ ಹೋಗಿದ್ದೆ. ಗೋಡೆಯ ಮೇಲೆ ಸೋಪಿನ ಕಂಪನಿಯ ತಗಡಿನ ಬೋರ್ಡು. ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಜವಳಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು—ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು. ಬಿಟ್ಟಿ ಕೊಟ್ಟದ್ದನ್ನು ವರ್ಷಪೂರ್ತಿ ಗೋಡೆಗೆ ತೂಗುಹಾಕಿ ನೋಡುತ್ತಾರೆ. ಇದಕ್ಕೆ ಅಡ್ವರ್ಟೈಸ್‌ಮೆಂಟ್ ಎನ್ನುತ್ತಾರೆ. ನನಗೂ ಒಂದು ಬೇಕು.

ಆದರೆ ನನ್ನ ಗಿರಾಕಿ ಯಾರು? ಗುಡ್ಡದಲ್ಲಿ ಅದಿರು ಒಡೆಯುವವರು. ಅವರ ಗುಡಿಸಲಿನಲ್ಲಿ ಕ್ಯಾಲೆಂಡರು ತೂಗುಹಾಕಲು ಗೋಡೆಯೇ ಇಲ್ಲ. ಅವರ ಕೈಯಲ್ಲಿ ದಿನವೂ ಇರುವ ವಸ್ತು ಯಾವುದು? ಇದನ್ನೇ ಯೋಚಿಸುತ್ತ ಮನೆಯವರೆಗೆ ನಡೆದೆ. ಬುತ್ತಿ! ಹಳೇ ಸೀರೆಯ ಹರಕಿನಲ್ಲಿ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ. ಅವರಿಗೆ ಹೊಸ ಬುತ್ತಿಬಟ್ಟೆ ಕೊಡುವುದು. ನೂರು ಮಂದಿಗೆ. ಅದರ ಮೇಲೆ ನನ್ನ ಹೆಸರು, ಒಳಗೆ ಒಂದು ಪೊಟ್ಟಣ ಪುಡಿ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೆಲ್ಲ ನಾಲ್ಕು ಜನ ನೋಡಲೇಬೇಕು.

ಇಂಥ ಬುದ್ಧಿ ಎಲ್ಲರಿಗೂ ಬರುವುದಿಲ್ಲ. ಇವತ್ತು ನನಗೆ ಬಂತು. ಬರೆದಿಟ್ಟಿದ್ದೇನೆ.

೧೩ ಜನವರಿ, ಬುಧವಾರ.

ನಿನ್ನೆ ಕಂಪ್ಲಿಗೆ ಹೋಗಿ ಬಂದೆ. ಮೋಟಾರಿನಲ್ಲಿ ಮೈಕೈ ನುಚ್ಚುನೂರು. ಬಡಿಗೇರ ಮೂಕಣ್ಣನಿಗೆ ಮರದ ಅಚ್ಚು ಕೆತ್ತಲು ಹೇಳಿದೆ. ಹೆಸರಿಗೆ ಮೂಕಣ್ಣ, ಮಾತು ನಿಲ್ಲುವುದಿಲ್ಲ. ಓದಲು ಬಾರದು, ಆದರೆ ಬರೆದುಕೊಟ್ಟ ಕಾಗದ ಹಚ್ಚಿ ಗೆರೆ ತಪ್ಪದೆ ಕೊರೆಯುತ್ತಾನೆ. ಹೆಸರಿನ ಕೆಳಗೆ ಒರಳು-ಒನಕೆಯ ಚಿತ್ರ ಇರಲಿ ಎಂದ. ಬೇಡ ಎಂದೆ, ಹೆಸರು ಸಣ್ಣದಾಗುತ್ತದೆ.

೨೦ ಜನವರಿ, ಬುಧವಾರ.

ಅಚ್ಚು ಬಂತು. ಬಟ್ಟೆಯೂ ಬಂತು—ಬಿಳೀ ಮಾಂಜರಪಾಟ, ಒರಟು, ಗಟ್ಟಿ. ಜೋಳದ ರೊಟ್ಟಿ ನಾಲ್ಕು ಮಡಚಿಟ್ಟು ಗಂಟು ಹಾಕುವಷ್ಟು ಚೌಕ. ಬಣ್ಣಗಾರನ ಹತ್ತಿರ ಕರಿ ಬಣ್ಣ ತಂದೆ. ಬಟ್ಟೆಯನ್ನು ಪಟಕದ ನೀರಲ್ಲಿ ಎರಡು ದಿನ ನೆನೆಸಿ ಒಣಗಿಸಿ ಆಮೇಲೆ ಅಚ್ಚು ಒತ್ತು, ಬಣ್ಣ ಕಚ್ಚುತ್ತದೆ ಎಂದ. ಎರಡು ದಿನ ಯಾರು ಕಾಯುತ್ತಾರೆ?

ವಿರುಪಮ್ಮ ನಾಳೆ ಕಂಪ್ಲಿಗೆ. ತಂಗಿ ಊರಮ್ಮನಿಗೆ ದಿನ ತುಂಬಿದೆ, ಬಾಣಂತನಕ್ಕೆ ಇವಳೇ ಆಗಬೇಕು. ನೂರು ಪೊಟ್ಟಣಕ್ಕೂ, ಮೇಲೆ ಮಾರಲೂ ಆಗುವಷ್ಟು ಪುಡಿ ಕುಟ್ಟಿಟ್ಟಿದ್ದಾಳೆ. ಅರಿವೆ ತಾನು ಬಂದ ಮೇಲೆ ಹಂಚಬೇಕು ಎಂದು ಎರಡು ಸಲ ಹೇಳಿದಳು. ಹೂಂ ಎಂದೆ. ಅವಳು ಬರುವುದು ಫೆಬ್ರವರಿ ಮಧ್ಯಕ್ಕೆ. ಗಣಿಯಲ್ಲಿ ಸಂಬಳದ ದಿನ ಇದೇ ಇಪ್ಪತ್ತೊಂಬತ್ತು. ಅಡ್ವರ್ಟೈಸ್‌ಮೆಂಟ್ ವಿಷಯ ಅವಳಿಗೆ ಏನು ಗೊತ್ತು?

೨೪ ಜನವರಿ, ಭಾನುವಾರ.

ನೂರೂ ಒತ್ತಿದೆ. ಒಬ್ಬನೇ. ಹಗ್ಗದ ಮೇಲೆ ಒಣಗಲು ಹಾಕಿದರೆ ಅಂಗಳ ತುಂಬ ನನ್ನ ಹೆಸರು. ಬಿಳಿಯ ಮೇಲೆ ಕರಿ, ಮುತ್ತಿನಂಥ ಅಕ್ಷರ. ಎಲ್ಲೂ ಒಂದು ಕಲೆ ಇಲ್ಲ. ಮುಟ್ಟುವ ಮೊದಲು ಪ್ರತಿ ಸಲ ಕೈ ತೊಳೆದಿದ್ದೇನೆ.

ಭರಮಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನದೆ ಹೋದಳು. ಹೊಟ್ಟೆಕಿಚ್ಚು.

೩೦ ಜನವರಿ, ಶನಿವಾರ.

ನಿನ್ನೆ ಸಂಡೂರು. ಜೀವನದಲ್ಲಿ ಇಷ್ಟು ಹೆಮ್ಮೆ ಎಂದೂ ಪಟ್ಟಿಲ್ಲ.

ಗುಡ್ಡದ ಬುಡದಲ್ಲಿ ಎಲ್ಲಮ್ಮನ ಚಹಾದ ಅಂಗಡಿ ಇದೆ, ಅದರ ಮುಂದೆ ನಿಂತೆ. ಸಂಬಳ ತೆಗೆದುಕೊಂಡು ಬಂದವರಿಗೆಲ್ಲ ಒಂದೊಂದು ಬಟ್ಟೆ, ಒಳಗೆ ಪೊಟ್ಟಣ. ಪುಕ್ಕಟೆ ಎಂದರೆ ನಂಬಲಿಲ್ಲ, ತಿರುಗಿಸಿ ತಿರುಗಿಸಿ ನೋಡಿದರು. ಗುಮಾಸ್ತಪ್ಪ ದೊಡ್ಡ ಸಾಹುಕಾರ ಆಗ್ಯಾನ ಎಂದು ಒಬ್ಬ ಅಂದ. ಅರ್ಧ ತಾಸಿನಲ್ಲಿ ನೂರೂ ಖಾಲಿ. ಮಾರಲೆಂದು ಎಲ್ಲಮ್ಮನ ಹತ್ತಿರ ಇನ್ನಷ್ಟು ಪೊಟ್ಟಣ ಇಟ್ಟು ಬಂದೆ. ಆಫೀಸಿನ ಕಿಟಕಿಯಿಂದ ಆ ನಕ್ಕವರು ನೋಡುತ್ತಿದ್ದರು. ನೋಡಲಿ.

ಅದಿರು ಆರಿಸುವ ಹೆಂಗಸರ ಮುಖಂಡಳು ಕೊಟ್ರಮ್ಮ. ಬಟ್ಟೆ ತೆಗೆದುಕೊಂಡಳು, ನಾಲ್ಕೂ ಮೂಲೆ ಬಿಡಿಸಿ ನೋಡಿದಳು, ನನ್ನ ಮುಖ ನೋಡಿದಳು. ಮಾತಾಡದೆ ಹೋದಳು. ಅವಳ ಸ್ವಭಾವವೇ ಹಾಗೆ.

೩ ಫೆಬ್ರವರಿ, ಬುಧವಾರ.

ಊರಮ್ಮನಿಗೆ ಗಂಡು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಎಲ್ಲಮ್ಮನಿಂದ ಪುಡಿ ಮುಗಿಯಿತು ಎಂಬ ಸುದ್ದಿ ಇನ್ನೂ ಬಂದಿಲ್ಲ. ಬರುತ್ತದೆ.

೫ ಫೆಬ್ರವರಿ, ಶುಕ್ರವಾರ.

ಬರೆಯಬೇಕೋ ಬೇಡವೋ...

ಇನ್ನಷ್ಟು ಪುಡಿ ಹೊತ್ತು ಸಂಡೂರಿಗೆ ಹೋದೆ. ಎಲ್ಲಮ್ಮನ ಅಂಗಡಿಯ ಮೂಲೆಯಲ್ಲಿ ನನ್ನ ಬುತ್ತಿಬಟ್ಟೆಗಳ ಗುಡ್ಡೆ. ಹಾರಿಹೋಗದಂತೆ ಮೇಲೊಂದು ಅದಿರಿನ ಕಲ್ಲು. ಎಣಿಸಿದೆ—ತೊಂಬತ್ತೇಳು. ಪೊಟ್ಟಣಗಳೂ ಅದರೊಳಗೇ, ದಾರ ಬಿಚ್ಚಿಲ್ಲ. ಎಲ್ಲಮ್ಮ ನನ್ನ ಕಡೆ ತಿರುಗಲೇ ಇಲ್ಲ. ಲೋಟ ತೊಳೆಯುತ್ತಲೇ ಇದ್ದಳು.

ಕೊಟ್ರಮ್ಮ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಂದು ಬಟ್ಟೆ ಎತ್ತಿ ಮೂಲೆ ತೋರಿಸಿದಳು.

"ಅರಿಶಿಣ ಎಲ್ಲೈತಪ್ಪಾ? ಅರಿಶಿಣ ಹಚ್ಚದ ಹೊಸ ಬಿಳಿ ಅರಿವಿ ಯಾರಿಗೆ ಹೊದಸ್ತಾರ, ನಿಮ್ಮ ಮನ್ಯಾಗ ಗೊತ್ತಿಲ್ಲೇನು? ನನ್ನ ಗಂಡಗ ಇಂಥದ್ದ ಹೊದಿಸಿ ಕಳಿಸೀನಿ ನಾನು. ಮದ್ದು ಸಿಡಿಸೋ ಗುಡ್ಡಕ್ಕ ಹೋಗತಾನ ನನ್ನ ಮಗ. ಅವನ ಬುತ್ತಿ ಇದರಾಗ ಕಟ್ಟಬೇಕೇನು?"

ಗೊತ್ತಿಲ್ಲದ್ದೇನಲ್ಲ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಒಂದು ಕರವಸ್ತ್ರ ತಂದರೂ ಅವ್ವ ಮೂಲೆಗೆ ಅರಿಶಿಣ ಹಚ್ಚದೆ ಕೈಗೆ ಕೊಟ್ಟವಳಲ್ಲ. ಹೆಣದ ಬಟ್ಟೆಗೆ ಮಾತ್ರ ಹಚ್ಚುವುದಿಲ್ಲ. ಅಕ್ಷರಕ್ಕೆ ಕಲೆಯಾಗಬಾರದು ಎಂದು ನೂರು ಮನೆಗೆ ಹೆಣದ ಬಟ್ಟೆ ಹಂಚಿ ಬಂದಿದ್ದೇನೆ, ಮೇಲೆ ಕರಿ ಬಣ್ಣದಲ್ಲಿ ನನ್ನ ಹೆಸರು ಬೇರೆ. ಮಾನ ಹೋಯಿತು.

ಮೂಟೆ ಕಟ್ಟಿಕೊಂಡು ರೈಲುಗಾಡಿ ಹತ್ತಿದೆ. ಆಫೀಸಿನ ಕಿಟಕಿಯ ಕಡೆ ನೋಡಲಿಲ್ಲ.

೧೩ ಫೆಬ್ರವರಿ, ಶನಿವಾರ.

ಅಂಗಡಿ ತೆರೆದಿಲ್ಲ. ಗೋಪೀನಾಥರಾಯರಿಗೆ ಕಾಗದ ಬರೆಯಲು ಕೂತೆ. "ತಮ್ಮ ಪಾದಸೇವಕ" ಎಂಬಲ್ಲಿಗೆ ಬಂದು ನಿಂತೆ. ಹರಿದುಹಾಕಿದೆ.

೧೬ ಫೆಬ್ರವರಿ, ಮಂಗಳವಾರ.

ವಿರುಪಮ್ಮ ಬಂದಳು. ಮೂಟೆಯನ್ನು ಅಟ್ಟದ ಮೇಲೆ ಹಳೇ ಗೋಣಿಚೀಲದ ಹಿಂದೆ ಇಟ್ಟಿದ್ದೆ. ಕಾಲು ತೊಳೆದು ಒಳಗೆ ಬಂದವಳು ಕಾಲು ತಾಸಿನಲ್ಲಿ ಅದನ್ನು ಕೆಳಗೆ ಇಳಿಸಿದಳು. ಈ ಹೆಂಗಸರಿಗೆ ಹೇಗೆ ಗೊತ್ತಾಗುತ್ತದೋ!

ಒಂದು ಬಟ್ಟೆ ಬಿಡಿಸಿದಳು, ಮೂಲೆ ಹಿಡಿದಳು. ಅಷ್ಟೇ ಸಾಕಾಯಿತು, ನಾನು ಎಲ್ಲ ಹೇಳಿಬಿಟ್ಟೆ. ಕೊಟ್ರಮ್ಮ ಅಂದದ್ದನ್ನೂ ಹೇಳಿದೆ. ರಾಯರ ಹತ್ತಿರ ಹೋಗಿ ಕೆಲಸಕ್ಕೆ ಸೇರಿಕೊಳ್ಳುತ್ತೇನೆ ಎಂದೆ. ಅವಳು ಕೊಟ್ರಮ್ಮನ ಮಗನಿಗೆ ವಯಸ್ಸೆಷ್ಟು ಎಂದು ಕೇಳಿದಳು.

೧೮ ಫೆಬ್ರವರಿ, ಗುರುವಾರ.

ಅರಿಶಿಣ ಕಲಸಿ ಮೂಲೆಗಳನ್ನೆಲ್ಲ ಅದ್ದಿ ಒಣಗಿಸೋಣ, ಎಲ್ಲಮ್ಮನ ಅಂಗಡಿಯಲ್ಲಿ ಇಟ್ಟು ಬರೋಣ—ಇದು ನನ್ನ ಸಲಹೆ. ವಿರುಪಮ್ಮ ಒಪ್ಪಲಿಲ್ಲ.

"ನಾವು ಹಚ್ಚಿದರ ಅದು ನಮ್ಮ ಮನಿ ಅರಿಶಿಣ ಆತು. ಬುತ್ತಿ ಕಟ್ಟೋ ಕೈ ಯಾವುದೈತಿ, ಆ ಕೈನ ಹಚ್ಚಬೇಕ್ರಿ."

ಮುಂದಿನ ಶುಕ್ರವಾರ ತಾನೇ ಬರುತ್ತಾಳಂತೆ. ಸಂಡೂರಿನ ಗಾಡಿಯನ್ನು ಒಂದು ಸಲವೂ ಹತ್ತಿದವಳಲ್ಲ. ನೀನು ಬೇಡ, ನಾಲ್ಕು ಜನರ ಮುಂದೆ ಮಾತು ಬಂದರೆ ನಾನೇ ಕೇಳಿಕೊಳ್ಳುತ್ತೇನೆ ಎಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ತೊಂಬತ್ತೇಳೂ ಬಟ್ಟೆ ಬಾವಿಯ ಹತ್ತಿರ ಒಯ್ದು ಒಗೆದಳು, ಬಿಸಿಲಿಗೆ ಹಾಕಿದಳು. ನನ್ನ ಹೆಸರು ಸ್ವಲ್ಪ ಮಾಸಿದೆ.

೨೭ ಫೆಬ್ರವರಿ, ಶನಿವಾರ. ಬೆಳಿಗ್ಗೆ.

ನಿನ್ನೆ ನಡೆದದ್ದನ್ನು ಒಂದೂ ಬಿಡದೆ ಬರೆಯಬೇಕು.

ಹೆಂಗಸರು ಊಟಕ್ಕೆ ಕೂತಿದ್ದ ಬೇವಿನ ಮರದ ನೆರಳಿಗೆ ವಿರುಪಮ್ಮ ನೇರ ನಡೆದಳು. ನನಗೆ ದೂರದಲ್ಲೇ ನಿಲ್ಲಲು ಹೇಳಿದ್ದಳು, ಮೂಟೆಯನ್ನು ಅವರ ಹತ್ತಿರ ಇಳಿಸಿ ಹಿಂದೆ ಸರಿದು ನಿಂತೆ. ಹಿತ್ತಾಳೆಯ ಬಟ್ಟಲಲ್ಲಿ ಕಲಸಿದ ಅರಿಶಿಣ. ಅದನ್ನು ಅವರ ನಡುವೆ ಇಟ್ಟು ತಾನೂ ನೆಲದ ಮೇಲೆ ಕೂತಳು. ನನ್ನ ಗಂಡನಿಂದ ತಪ್ಪಾಗಿದೆ, ಅರಿವೆ ನಿಮ್ಮವು, ಅರಿಶಿಣ ನಾ ತಂದಿದ್ದೇನೆ, ಹಚ್ಚುವವರು ನೀವು ಎಂದಳು. ಯಾರೂ ಕೈ ಚಾಚಲಿಲ್ಲ. ಎಲ್ಲರ ಕಣ್ಣೂ ಕೊಟ್ರಮ್ಮನ ಮೇಲೆ. ಅವಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಸೋಮವಾರ ನಾನು ವ್ಯಾಗನ್ ಎಣಿಸಬೇಕು.

ವಿರುಪಮ್ಮ ಬಟ್ಟಲನ್ನು ಎತ್ತಿ ಮೊದಲು ಅವಳ ಮುಂದೆಯೇ ಹಿಡಿದಳು. ಕೊಟ್ರಮ್ಮ ಹಿಂದೆ ಸರಿದಳು. ಗಂಡ ಇಲ್ಲದವಳು ನಾನು, ಅರಿಶಿಣ ಮುಟ್ಟಬಾರದು, ಬೇರೆಯವರಿಗೆ ಕೊಡು ಎಂದಳು. ಗಂಡ ಹೋದಾಗಿನಿಂದ ಆ ಕೈ ಅರಿಶಿಣ ಮುಟ್ಟಿಲ್ಲ, ಅಲ್ಲಿದ್ದವರಿಗೆಲ್ಲ ಗೊತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ವಿರುಪಮ್ಮ ಬಟ್ಟಲು ಹಿಂದೆ ತೆಗೆಯಲಿಲ್ಲ.

"ಅರಿವಿಗೆ ಹಚ್ಚೂದು ಯಕ್ಕಾ, ಮಕಕ್ಕಲ್ಲ. ಮಗನ ಬುತ್ತಿ ಕಟ್ಟೂವಾಕಿ ನೀನಽ ಅಲ್ಲೇನು? ಅವ್ವನ ಕೈ ಅರಿಶಿಣಕ್ಕ ಯಾರು ಬ್ಯಾಡ ಅಂತಾರ?"

ಕೊಟ್ರಮ್ಮ ತನ್ನ ಕೈ ನೋಡಿಕೊಂಡಳು. ಕೈಯೆಲ್ಲ ಅದಿರಿನ ಕಪ್ಪು. ಸೆರಗಿನಿಂದ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಆಮೇಲೆ ಬಟ್ಟೆಯ ಒಂದು ಮೂಲೆಯನ್ನು ಅದ್ದಿದಳು. ಹೊರಗೆ ತೆಗೆದು ನೋಡಿ ಇನ್ನೊಂದು ಸಲ ಅದ್ದಿದಳು. ಅಳುತ್ತಿದ್ದಳು. ನಾನೂ ಮರದ ಹಿಂದೆ ಹೋಗಿ ಅತ್ತೆ, ಇಲ್ಲಿ ಬರೆಯಲು ನಾಚಿಕೆ ಇಲ್ಲ.

ಆಮೇಲೆ ಬಟ್ಟಲು ಕೈಯಿಂದ ಕೈಗೆ ಹೋಯಿತು. ಹರಟೆ, ನಗು, ನನಗೊಂದು ನಿನಗೊಂದು. ತೊಂಬತ್ತೇಳು ಬಟ್ಟೆ ಸಾಲಲಿಲ್ಲ. ಒಬ್ಬಳು ನನ್ನ ಕಡೆ ಕೈ ತೋರಿಸಿ ಏನೋ ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಏನಂದಳು ಎಂದು ಗಾಡಿಯಲ್ಲಿ ಕೇಳಿದರೆ ವಿರುಪಮ್ಮ ಹೇಳಲೊಲ್ಲಳು.

ಇವಳು ನನ್ನ ಹೆಂಡತಿ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಇದ್ದೇವೆ, ಇವಳು ಇಷ್ಟು ದೊಡ್ಡವಳು ಎಂದು ನನಗೆ ಗೊತ್ತಿರಲಿಲ್ಲ.

೮ ಮಾರ್ಚ್, ಸೋಮವಾರ.

ಎಲ್ಲಮ್ಮ ಗಾರ್ಡಿನ ಕೈಯಲ್ಲಿ ಹೇಳಿ ಕಳಿಸಿದ್ದಾಳೆ—ಪುಡಿ ಮುಗಿದಿದೆ, ಜಲ್ದಿ ಕಳಿಸು. ಇದು ಎರಡನೇ ಸಲ. ಒರಳು ಒಂದೇ ಸಾಲುತ್ತಿಲ್ಲ. ಭರಮಮ್ಮ ತನ್ನ ಒರಳನ್ನೂ ಒನಕೆಯನ್ನೂ ಕೊಟ್ಟು ತಾನೂ ಕುಟ್ಟಲು ಬಂದಿದ್ದಾಳೆ. ಅವಳ ಬಗ್ಗೆ ಹಿಂದೆ ಬರೆದದ್ದನ್ನು ಹೊಡೆದುಹಾಕಬೇಕು. ಆ ದಿನ ಹಗ್ಗದ ಮೇಲಿನ ಬಟ್ಟೆ ನೋಡಿ ಅವಳು ಏನೂ ಅನ್ನದೆ ಹೋದದ್ದು ಯಾಕೆ ಎಂದು ಈಗ ಗೊತ್ತಾಗಿದೆ.

೧೫ ಮಾರ್ಚ್, ಸೋಮವಾರ.

ಒಂದು ವಿಚಿತ್ರ. ಇವತ್ತು ಸಂಡೂರಿನ ಗಾಡಿಯಲ್ಲಿ ಎದುರಿಗೆ ಕೂತವನ ಮಡಿಲಲ್ಲಿ ನಮ್ಮ ಬುತ್ತಿಬಟ್ಟೆ. ಎಲ್ಲಿದೆ ಹೆಸರು ಎಂದು ಬಗ್ಗಿ ನೋಡಿದೆ. ಇಲ್ಲ! ಮೂರು ಒಗೆತಕ್ಕೆ ಅಕ್ಷರ ಪೂರಾ ಹೋಗಿದೆ. ಬಣ್ಣಗಾರ ಹೇಳಿದಂತೆ ಎರಡು ದಿನ ಕಾಯಬೇಕಿತ್ತು. ಆದರೆ ಮೂಲೆಯ ಅರಿಶಿಣ ಮಾತ್ರ ಹೊಸದರಂತೆ ಹೊಳೆಯುತ್ತಿದೆ. ಹೇಗೆ ಎಂದು ಕೇಳಿದೆ. ಪ್ರತಿ ಶುಕ್ರವಾರ ಒಗೆದ ಮೇಲೆ ಅವನ ಹೆಂಡತಿ ಮತ್ತೆ ಹಚ್ಚುತ್ತಾಳಂತೆ. ಎಲ್ಲರ ಮನೆಯಲ್ಲೂ ಹಾಗೆಯೇ ಅಂತೆ.

ಪುಡಿ ಯಾವುದು ತಿನ್ನುತ್ತೀಯಪ್ಪಾ ಎಂದು ಕೇಳಿದೆ, ನಾನು ಯಾರೆಂದು ಹೇಳಲಿಲ್ಲ. "ಅರಿಶಿಣ ಮೂಲಿ ಪುಡಿ," ಎಂದ, ಇದೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದ. ಉಚ್ಚೆಂಗಪ್ಪ ಅಂಡ್ ಕಂಪನಿ ಎಂಬ ಹೆಸರೇ ಅವನು ಕೇಳಿಲ್ಲ.

ಮೊದಲು ಸಿಟ್ಟು ಬಂತು. ಗಾಡಿ ಇಳಿಯುವಷ್ಟರಲ್ಲಿ ನಗು ಬಂತು.

೨೨ ಮಾರ್ಚ್, ಸೋಮವಾರ.

ಕಂಪ್ಲಿಯಿಂದ ಮೂಕಣ್ಣ ಬಂದಿದ್ದ. ಅಲ್ಲಿನ ಅಕ್ಕಿ ಗಿರಣಿಯ ಆಳುಗಳೂ ಅರಿಶಿಣ ಮೂಲೆಯ ಬುತ್ತಿಬಟ್ಟೆ ಕೇಳುತ್ತಿದ್ದಾರೆ. ಊರಮ್ಮ ತನ್ನ ಮನೆಯಿಂದಲೇ ಪುಡಿ ಮಾರಲು ತಯಾರು. ಇನ್ನೂರು ಬಟ್ಟೆ ಬೇಕು. ಹೊಸ ಅಚ್ಚು ಕೆತ್ತಲೇ, ಈ ಸಲ ಆಳವಾಗಿ ಕೊರೆಯುತ್ತೇನೆ ಎಂದ. ನಾನು ಕಾಗದ ತೆಗೆದು ಹೆಸರು ಬರೆಯಲು ಕೂತೆ.

ವಿರುಪಮ್ಮ ಒಳಗಿನಿಂದಲೇ ಹೇಳಿದಳು, ಹೆಸರು ಯಾಕ್ರಿ, ಅವರ್ಯಾರಿಗೂ ಓದಾಕ ಬರಂಗಿಲ್ಲ. ಮೂಕಣ್ಣ ತನಗೂ ಬರುವುದಿಲ್ಲ ಎಂದು ನಕ್ಕ. ಅಚ್ಚು ಬೇಡವಾಯಿತು. ಬರೀ ಬಟ್ಟೆ, ಜೊತೆಗೆ ಅರಿಶಿಣದ ಒಂದು ಸಣ್ಣ ಪೊಟ್ಟಣ. ಹಚ್ಚುವವರು ಅವರೇ.

ಸೋಪಿನ ಕಂಪನಿಯವರಿಗೂ ಇಂಥ ಅಡ್ವರ್ಟೈಸ್‌ಮೆಂಟ್ ಹೊಳೆದಿರಲಾರದು. ನನಗೂ ಹೊಳೆದದ್ದಲ್ಲ. ಅದನ್ನೂ ಬರೆದಿಡುತ್ತೇನೆ.

೩೧ ಮಾರ್ಚ್, ಬುಧವಾರ. ಸಂಜೆ ನಾಲ್ಕು.

ಗೋಪೀನಾಥರಾಯರು ಬಳ್ಳಾರಿಗೆ ಹೋಗುವ ದಾರಿಯಲ್ಲಿ ಇಳಿದು ಅಂಗಡಿಗೇ ಬಂದರು. ಕುರ್ಚಿ ಇಲ್ಲ, ಶೇಂಗಾದ ಚೀಲದ ಮೇಲೆ ಕೂತರು. ಮೂರು ಒರಳಿನ ಸದ್ದಿನಲ್ಲಿ ಅವರ ಮಾತು ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. ಏನು ಮಾಡುತ್ತೀ ಎಂದರು. ಬರುವುದಿಲ್ಲ ರಾಯರೇ ಎಂದೆ. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರಿಗೆ ಸಂತೋಷವೇ ಆಯಿತು.

"ಸಾಹೇಬರಿಗೆ ಕಾರಣ ಬೇಕಪಾ. ಬ್ಯಾರೆ ಕಡೆ ಕೆಲಸ ಸಿಕ್ಕೇದ ಅಂದ್ರ ಯಜಮಾನರು ಯಾರು, ಕೆಲಸ ಏನು, ಬರದು ಇಡು. ಸಂಜೀ ಗಾಡಿಗೆ ಬಂದು ಒಯ್ತೀನಿ."

ಬರೆದೆ. ಇಲ್ಲಿಯೂ ನಕಲು ಇಟ್ಟುಕೊಳ್ಳುತ್ತೇನೆ:

"ನನಗೆ ಬೇರೆ ಕಡೆ ಕೆಲಸ ಸಿಕ್ಕಿರುವುದರಿಂದ ತಮ್ಮಲ್ಲಿಗೆ ಬರಲು ಸಾಧ್ಯವಿಲ್ಲ. ಯಜಮಾನರು: ಶ್ರೀಮತಿ ವಿರುಪಮ್ಮ, ಚಟ್ನಿಪುಡಿ ತಯಾರಕರು, ಹೊಸಪೇಟೆ. ನನ್ನ ಕೆಲಸ: ಅವರು ಹೇಳಿದ್ದು."

ವಿರುಪಮ್ಮನಿಗೆ ಓದಿ ಹೇಳಿದೆ. ಒನಕೆ ಹಿಡಿದೇ ಕೇಳಿದಳು. ಹಂಗ ಬರೀಬ್ಯಾಡ್ರಿ, ನಿಮ್ಮ ಆಫೀಸಿನವರು ನಿಮ್ಮನ್ನ ನೋಡಿ ನಗತಾರ ಎಂದಳು. ನಗಲಿ, ಹೊಟ್ಟೆ ತುಂಬ ನಗಲಿ ಎಂದೆ. ಮತ್ತೆ ಕುಟ್ಟಲು ಶುರು ಮಾಡಿದಳು. ನಾಲ್ಕು ಏಟು ಹಾಕಿ ನಿಲ್ಲಿಸಿದಳು. ಒನಕೆ ಗೋಡೆಗೆ ಆನಿಸಿ, ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ನನ್ನ ಹೆಸರು ಎಲ್ಲೈತ್ರಿ ಇದರಾಗ?"

ಬೆರಳಿಟ್ಟು ತೋರಿಸಿದೆ. ಇಷ್ಟು ವರ್ಷ ಇಷ್ಟು ಬರೆದಿದ್ದೇನೆ, ಒಂದು ದಿನವಾದರೂ ತೋರಿಸಿದವನಲ್ಲ. ಬಗ್ಗಿ ನೋಡಿದಳು. ಕಾಗದ ಮುಟ್ಟಲಿಲ್ಲ, ಕೈಯಲ್ಲಿ ಖಾರ ಇದೆ ಎಂದು. ಯಾವುದು ವಿ, ಯಾವುದು ರು ಎಂದು ಒಂದೊಂದೇ ಕೇಳಿದಳು. ಎಲ್ಲಿಗೆ ಮುಗಿಯುತ್ತದೆ ಎಂದಳು. ಇದೇನು ಇಷ್ಟುದ್ದ ಎಂದು ಅವಳಿಗೇ ಆಶ್ಚರ್ಯ.

ಈ ಪುಟದಲ್ಲಿ ದೊಡ್ಡದಾಗಿ ಬರೆದು ತೋರಿಸಬೇಕಂತೆ, ನೋಡಿ ಕಲಿಯುತ್ತಾಳಂತೆ. ಬರೆಯುತ್ತೇನೆ ಎಂದೆ. ಬೇಡ, ನೀವು ಕೈ ಹಿಡೀರಿ ಸಾಕು, ಲೇಖನಿ ನನಗೆ ಕೊಡ್ರಿ ಅನ್ನುತ್ತಿದ್ದಾ—

ವಿ